ಪರವಾನಗಿ ಮೀಮಾಂಸೆ

ತಂತ್ರಾಂಶದ ಪರವಾನಗಿ ಅನಾದಿಯಲ್ಲ. ಅನಂತವಿರಬಹುದೇ ಎಂಬ ಶಂಕೆ ಮಾತ್ರ ಅದನ್ನು ಪೂರ್ತಿ ಓದಲು ಕೂತವರಿಗೆ ಹುಟ್ಟುತ್ತದೆ. ಅಂಥವರು ವಿರಳವಾದ್ದರಿಂದ ಶಂಕೆ ಇನ್ನೂ ಪರಿಹಾರವಾಗಿಲ್ಲ. ಉಳಿದವರು ‘ಒಪ್ಪಿದ್ದೇನೆ’ ಎಂದು ಒತ್ತಿ ನೇರ ಸಾಯುಜ್ಯ ಪಡೆಯುತ್ತಾರೆ. ಇದಕ್ಕೆ ಅನಧೀತಸಮ್ಮತಿ ಎಂದು ಹೆಸರು.

ಪರವಾನಗಿಗಳು ಪಂಚವಿಧ: ಆನುವಂಶಿಕ, ಉದಾಸೀನ, ದೃಶ್ಯನಿಷಿದ್ಧ, ನಿಗೂಢ, ಮಿಶ್ರ.

ಆನುವಂಶಿಕಕ್ಕೆ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಜಿಪಿಎಲ್ ಉದಾಹರಣೆ. ಬಳಸುವುದು, ಬಿಚ್ಚಿ ನೋಡಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನು ಹಂಚುವುದು ಎಂದು ಇದರ ಪಂಥದಲ್ಲಿ ಸ್ವಾತಂತ್ರ್ಯಗಳು ನಾಲ್ಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕೊನೆಯದರ ಸಂಖ್ಯೆ ಮೂರು. ತಿದ್ದಿ ಹಂಚಿದವರು ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಉದಾಸೀನ ವರ್ಗದ ಎಂಐಟಿ, ಬಿಎಸ್‌ಡಿಗಳಿಗೆ ಬರೆದವರ ಹೆಸರೂ ಪರವಾನಗಿಯ ಪಠ್ಯವೂ ಉಳಿದರೆ ಸಾಕು. ನಿಗೂಢ, ಮಿಶ್ರ ಎಂಬ ಎರಡು ವರ್ಗಗಳು ಸಂಖ್ಯೆ ಐದಾಗಲೆಂದು ಸೇರಿದವು. ಅವುಗಳ ಲಕ್ಷಣ ಹೇಳಿ ಕಾಗದ ಹಾಳು ಮಾಡಬೇಕಾಗಿಲ್ಲ.

ದೃಶ್ಯನಿಷಿದ್ಧದ ಪೂರ್ವಪಕ್ಷ ಹೀಗಿದೆ. ಜಿಪಿಎಲ್ ಹೊರಿಸುವ ಹೊಣೆ ಹುಟ್ಟುವುದು ಹಂಚಿದಾಗ. ಕ್ಲೌಡ್ ಕಂಪನಿ ಹಂಚುವುದೇ ಇಲ್ಲ. ತನ್ನ ಸರ್ವರಿನಲ್ಲಿ ಓಡಿಸಿ ಬಾಡಿಗೆ ಎಣಿಸುತ್ತದೆ. 2007ರ ಎಜಿಪಿಎಲ್ ಈ ಕಿಂಡಿಯನ್ನು ಮುಚ್ಚಿತಾದರೂ, ಬಾಡಿಗೆಯಲ್ಲಿ ಪಾಲು ಕೇಳಲಿಲ್ಲ. 2018ರಲ್ಲಿ ಡೇಟಾಬೇಸ್ ಕಂಪನಿ ಮಾಂಗೋಡಿಬಿ, ತನ್ನ ತಂತ್ರಾಂಶವನ್ನು ಸೇವೆಯಾಗಿ ಮಾರುವವರು ಆ ಸೇವೆ ನಡೆಸುವ ಇತರ ತಂತ್ರಾಂಶಗಳ ಕೋಡನ್ನೂ ತೆರೆದಿಡಬೇಕೆಂದಿತು. 2023ರ ಆಗಸ್ಟಿನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ತಂತ್ರಾಂಶವನ್ನು ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ದಾಟಿಸಿತು: ನೋಡಬಹುದು, ತಿದ್ದಬಹುದು, ಪೈಪೋಟಿಗೆ ಇಳಿಯುವಂತಿಲ್ಲ. ನಾಲ್ಕು ವರ್ಷ ಕಳೆದ ಆವೃತ್ತಿ ಮುಕ್ತವಾಗುತ್ತದೆ. ತಂತ್ರಾಂಶದ ಆಯುಸ್ಸಿನಲ್ಲಿ ಅದು ವಾನಪ್ರಸ್ಥ.

ಪೂರ್ವಪಕ್ಷ ಪೂರ್ತಿ ಸುಳ್ಳಲ್ಲ. ದುಡಿದವರು ಒಬ್ಬರು, ಉಂಡವರು ಇನ್ನೊಬ್ಬರು ಎಂಬ ದೂರು ನಿಜವೇ. ಆದರೆ ದುಡಿದವರಲ್ಲಿ ಸಂಬಳವಿಲ್ಲದವರೂ ಇದ್ದರು. ನಿದ್ದೆಗೆಟ್ಟು ದೋಷ ಹುಡುಕಿ, ತಿದ್ದಿ ಕಳಿಸಿದವರಿಂದ ಹ್ಯಾಶಿಕಾರ್ಪ್ ಮೊದಲೇ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತ್ತು. ಅದರ ಬಲದಿಂದಲೇ ಪರವಾನಗಿ ಬದಲಾಯಿತು. ಎಲ್ಲರಿಗೂ ಎಂದು ಇಸಿದುಕೊಂಡದ್ದಕ್ಕೆ ಬೇಲಿ ಹಾಕಿ, ಬೇಲಿಗೆ ‘ಸಮುದಾಯದ ಹಿತ’ ಎಂದು ಬೋರ್ಡು ತೂಗುಹಾಕುವುದಕ್ಕೆ ಶಾಸ್ತ್ರದಲ್ಲಿ ಪದವಿಲ್ಲ. ಊರಲ್ಲಿದೆ, ಅಚ್ಚು ಹಾಕುವಂಥದ್ದಲ್ಲ.

ಹೊರಬಿದ್ದವರು ಟೆರಾಫಾರ್ಮಿನ ಹಳೆಯ ಕೋಡಿನಿಂದ ಓಪನ್‌ಟೋಫು ಕಟ್ಟಿದರು. 2024ರ ಮಾರ್ಚಿನಲ್ಲಿ ಡೇಟಾಬೇಸ್ ತಂತ್ರಾಂಶ ರೆಡಿಸ್ ಬಿಎಸ್‌ಡಿಯನ್ನು ಕೈಬಿಟ್ಟಾಗ ಅದರ ಹಳೆಯ ಕೋಡಿನಿಂದ ವಾಲ್ಕೀ ಹುಟ್ಟಿತು. ಕ್ಲೌಡ್ ಕಂಪನಿಗಳೇ ಅದರ ಬೆನ್ನಿಗೆ ನಿಂತವು. ಮರುವರ್ಷ ಮೇಯಲ್ಲಿ ರೆಡಿಸ್ ಎಜಿಪಿಎಲ್ ಆಯ್ಕೆಯನ್ನೂ ಸೇರಿಸಿತು. ವಾಲ್ಕೀ ಬೇರೆಯಾಗಿಯೇ ಮುಂದುವರಿಯಿತು.