ತರಗತಿಯಲ್ಲಿ ಧಾರಣೀಯ ತಂತ್ರಜ್ಞಾನ: ರಸೆಲ್ ಮಾರುಕಟ್ಟೆ-ಕೇಂದ್ರಿತ ಒಂದು ಬಹುಶಿಸ್ತೀಯ ಅಂತರ್‌ಮಳಿಗೆ ಅಧ್ಯಯನ

೧. ಪೀಠಿಕೆ

ಕಲಿಕಾರ್ಥಿಯ ದೇಹ-ಪರಿಧಿಯ ಮೇಲೆ ಸ್ಥಾಪಿತವಾದ ಸಂವೇದಕ ಸಾಧನಗಳು ಬೋಧನಾ-ಕಲಿಕಾ ಪ್ರಕ್ರಿಯೆಯ ಫಲಿತಾಧಾರಿತ ಆಯಾಮಗಳೊಂದಿಗೆ ನಡೆಸುವ ಅನುಸಂಧಾನವನ್ನು ಪ್ರಸ್ತುತ ಪ್ರಬಂಧವು ಸಮಗ್ರವಾಗಿ, ಸೈದ್ಧಾಂತಿಕವಾಗಿ, ಸಾಧ್ಯವಾದಷ್ಟೂ ಯಾರಿಗೂ ಅರ್ಥವಾಗದಂತೆ ಶೋಧಿಸುತ್ತದೆ. ಬಿಡಿಸಿ ಹೇಳಿದರೆ, ಮಕ್ಕಳ ಕೈಗೆ ಕಟ್ಟುವ ಪಟ್ಟಿ. ಶಿಕ್ಷಕರ ಕಾರ್ಯಾಗಾರವೊಂದರಲ್ಲಿ ಮೇಲಿನ ವಾಕ್ಯದ ದಾಯಾದಿಗಳನ್ನು ಊಟದ ಹೊತ್ತಿನವರೆಗೂ ಕೇಳಿಸಿಕೊಂಡದ್ದೇ ಈ ಸಂಶೋಧನೆಗೆ ಪ್ರೇರಣೆ.

೨. ಅಧ್ಯಯನ ಕ್ಷೇತ್ರ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ಆಯ್ದುಕೊಳ್ಳಲು ಮೂರು ಸೈದ್ಧಾಂತಿಕ ಕಾರಣಗಳಿವೆ. ಒಂದು, ಬಸ್ ಸ್ಟ್ಯಾಂಡ್ ಹತ್ತಿರ. ಎರಡು, 1927ರ ಈ ಕಟ್ಟಡ ತನ್ನ ಗಡಿಯಾರವನ್ನು ತಾನೇ ಹಣೆಯ ಮೇಲೆ ಧರಿಸಿದೆ. ಗಿರಾಕಿಯ ಮೈಗೆ ಏನನ್ನೂ ಕಟ್ಟಿಲ್ಲ. ಮೂರು, ಇಲ್ಲಿನ ಹಣ್ಣಿನ ವ್ಯಾಪಾರಿಯ ‘ಗಮನ-ಮಾಪನ ಪದ್ಧತಿ’. ಎದುರು ನಿಂತವನು ಕೊಳ್ಳುತ್ತಾನೋ, ಬರೀ ರೇಟು ಕೇಳಿ ಹೋಗುತ್ತಾನೋ ಎಂಬುದು ಆತನಿಗೆ ಮುಖ ನೋಡಿದರೇ ಗೊತ್ತು. ಸಂವೇದಕದ ಮಹಿಮೆಯನ್ನು ಸಂಶೋಧಕನು ವಿವರಿಸಿದಾಗ ಮಾಹಿತಿದಾರನ ಪ್ರತಿಕ್ರಿಯೆ: “ಮೇಷ್ಟ್ರಿಗೆ ಕಣ್ಣಿಲ್ವಾ ಸಾರ್? ಸ್ವಲ್ಪ ಸೈಡಿಗೆ ಬನ್ನಿ, ಗಿರಾಕಿ ನಿಂತಿದಾರೆ.” ಇದನ್ನು ಅನುಬಂಧಕ್ಕೆ ತಳ್ಳಲಾಗಿದೆ.

೩. ವರ್ಗೀಕರಣ

ಧಾರಣೀಯ ಸಾಧನಗಳು ಒಂಬತ್ತು ಬಗೆ.

(ಅ) ಮಣಿಬಂಧೀಯ: ಮಕ್ಕಳ ಮಣಿಕಟ್ಟಿನ ಚರ್ಮದ ವಿದ್ಯುತ್ ವಾಹಕತೆ ಅಳೆದು, ಪಾಠ ಹಿಡಿಸಿತೇ ಎಂದು ತಿಳಿಯುವ ಪ್ರಯೋಗಗಳಿಗೆ ಅಮೆರಿಕದ ಗೇಟ್ಸ್ ಪ್ರತಿಷ್ಠಾನ ಸುಮಾರು 11 ಲಕ್ಷ ಡಾಲರ್ ಕೊಟ್ಟದ್ದು 2012ರಲ್ಲಿ ಸುದ್ದಿಯಾಯಿತು. ಬೆವರಿದರೆ ವಾಹಕತೆ ಏರುತ್ತದೆ. ಪಾಠದ ಸ್ವಾರಸ್ಯಕ್ಕೋ, ಮೇಷ್ಟ್ರ ಭಯಕ್ಕೋ, ಏಪ್ರಿಲ್ ಸೆಕೆಗೋ ಎಂಬುದು ‘ಮುಂದಿನ ಸಂಶೋಧನೆಯ ವ್ಯಾಪ್ತಿ’.

(ಆ) ಲಲಾಟೀಯ: 2019ರಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಪ್ರಾಥಮಿಕ ಶಾಲೆಯೊಂದು ಮಕ್ಕಳ ಹಣೆಗೆ ಮಿದುಳಿನ ಅಲೆ ಅಳೆಯುವ ಪಟ್ಟಿ ಕಟ್ಟಿತು. ಗಮನವಿದ್ದರೆ ಕೆಂಪು ದೀಪ, ತಪ್ಪಿದರೆ ನೀಲಿ. ಜನ ಉಗಿದ ಮೇಲೆ ಪಟ್ಟಿ ಇಳಿಯಿತು.

(ಇ) ಕರ್ಣಾಂತರ್ಗತ: ಈ ವರ್ಗದಲ್ಲಿ ಕರ್ನಾಟಕ ಸ್ವಾವಲಂಬಿ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮದಲ್ಲಿ ಬ್ಲೂಟೂತ್ ಕೂಡ ಸೇವೆ ಸಲ್ಲಿಸಿತು, ನೇಮಕಾತಿ ರದ್ದಾಯಿತು. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಅದೇ ಸಾಧನ ಮತ್ತೆ ಪರೀಕ್ಷೆಗೆ ಹಾಜರಾಯಿತು.

(ಈ) ಶಿರೋವೇಷ್ಟನೀಯ: 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಪಿಯು ಕಾಲೇಜೊಂದು ನಕಲು ತಡೆಯಲು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿತು. ಬ್ಯಾಟರಿ ಬೇಡ, ಚಾರ್ಜರ್ ಬೇಡ.

(ಉ)ಯಿಂದ (ಏ)ವರೆಗಿನ ಐದು ವರ್ಗಗಳನ್ನು ಓದುಗರೇ ಊಹಿಸಿಕೊಳ್ಳಲಿ. ನನಗೆ ಬೇಸರ ಬಂತು.

೪. ಚರ್ಚೆ

ಯಾವ ಕಾರ್ಯಾಗಾರದಲ್ಲೂ ಬಾರದ ವರ್ಗ ಒಂದಿದೆ: ಬಿಚ್ಚಿಸುವ ಸಾಧನಗಳು. ಸಮವಸ್ತ್ರ ಕುರಿತ 2022ರ ಫೆಬ್ರುವರಿ 5ರ ಸರ್ಕಾರಿ ಆದೇಶದ ನಂತರ ತಲೆಯ ಮೇಲಿನ ಬಟ್ಟೆಗಾಗಿ ಹುಡುಗಿಯರು ಕಾಲೇಜಿನ ಗೇಟಿನಲ್ಲೇ ಉಳಿದರು. ಮಾರ್ಚ್ 15ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಅಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಜನಿವಾರ ತೆಗೆಯಲೊಪ್ಪದ ಬೀದರಿನ ಹುಡುಗ ಗಣಿತದ ಪರೀಕ್ಷೆ ಬರೆಯದೆ ಮರಳಿದ. ಒಂದು ತುಂಡು ಬಟ್ಟೆ, ಮೂರೆಳೆ ನೂಲು. ಇವುಗಳಿಂದ ಯಾರ ದತ್ತಾಂಶವೂ ಎಲ್ಲಿಗೂ ಹೋಗುವುದಿಲ್ಲ.

ಮಗು ಮನೆಯಿಂದ ತೊಟ್ಟು ಬಂದದ್ದನ್ನು ಕಂಡರೆ ಹೌಹಾರುವವರು, ಅದೇ ಮಗುವಿನ ಮೈಗೆ ಬೆವರು ಲೆಕ್ಕಹಾಕುವ ಗೂಢಚಾರನನ್ನು ಕಟ್ಟುವುದಕ್ಕೆ ‘ನಾವೀನ್ಯ’ ಎನ್ನುತ್ತಾರೆ! ನಾಚಿಕೆಯಾಗಬೇಕು. ರಸೆಲ್ ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಿಂದ ಉರ್ದು, ತಮಿಳು, ಕನ್ನಡ ಮಾತಾಡುತ್ತಾ ಶಾಲೆಗೆ ಹೊರಡುವ ಮಕ್ಕಳಲ್ಲಿ ತಲೆಗೆ ಬಟ್ಟೆ, ಕೊರಳಲ್ಲಿ ಶಿಲುಬೆ, ಹಣೆಗೆ ವಿಭೂತಿ ಎಲ್ಲವೂ ಇವೆ. ಹಿಂದಿನ ಬೆಂಚಿನ ಹುಡುಗ ತೂಕಡಿಸಿದರೆ ಅವನ ಮಿದುಳಿನ ಅಲೆ ಎಣಿಸಬೇಕಿಲ್ಲ. ರಾತ್ರಿ ಎಷ್ಟು ಹೊತ್ತಿನವರೆಗೆ ಅಂಗಡಿಯಲ್ಲಿದ್ದೆ, ಬೆಳಿಗ್ಗೆ ಏನು ತಿಂದೆ ಎಂದು ಕೇಳಬೇಕು. ಕೇಳಲು ಮೇಷ್ಟ್ರು ಬೇಕು. ಇದ್ದ ಮೇಷ್ಟ್ರಿಗೆ ಸಮೀಕ್ಷೆ, ಚುನಾವಣೆ, ಕಾರ್ಯಾಗಾರಗಳ ನಡುವೆ ಬಿಡುವು ಬೇಕು.

೫. ಶಿಫಾರಸು

ಪಟ್ಟಿಯನ್ನು ಮೊದಲು ಕಾರ್ಯಾಗಾರದ ಭಾಷಣಕಾರರಿಗೂ, ಅದಕ್ಕೆ ಅನುಮೋದನೆ ಕೊಡುವವರಿಗೂ ಕಟ್ಟಿ ನೋಡಿ. ಆಮೇಲೆ ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳನ್ನು ತುಂಬಿ. ಮಕ್ಕಳ ಮೈಯಿಂದ ಕೈ ತೆಗೆಯಿರಿ.