ಮೂರೇ ಪದ, ಸ್ವಾಮಿ!

(ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಚುನಾವಣಾ ಕಚೇರಿ. ಅಮೆರಿಕದ ಪ್ರತಿನಿಧಿ ಸಭೆಯ ಪ್ರೈಮರಿ ಎಂಬ ಮೊದಲ ಸುತ್ತಿನ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನ.)

ಗುಮಾಸ್ತ: ಶುಲ್ಕ 1,740 ಡಾಲರ್. ಸಂಸದರ ವರ್ಷದ ಸಂಬಳದಲ್ಲಿ ನೂರಕ್ಕೆ ಒಂದು ಪಾಲು.

ಉಮೇದುವಾರ: ಗೆಲ್ಲುವ ಮುಂಚೆಯೇ ಸಂಬಳ ಕಟ್ಟೇ?

ಗುಮಾಸ್ತ: ಇದೇ ಕ್ಷೇತ್ರದವರೋ?

ಉಮೇದುವಾರ: ಅಲ್ಲ. ಹೆದ್ದಾರಿಯಲ್ಲಿ ಹೋಗುವಾಗ ಕಾರಿನ ಕಿಟಕಿಯಿಂದ ನೋಡಿ ಮನಸೋತವನು.

ಗುಮಾಸ್ತ: ಸಾಕು. ವಾಸದ ಮಟ್ಟಿಗೆ ಸಂವಿಧಾನ ಕೇಳುವುದು ರಾಜ್ಯವನ್ನಷ್ಟೇ, ಕ್ಷೇತ್ರವನ್ನಲ್ಲ. ಮತಪತ್ರದಲ್ಲಿ ಹೆಸರಿನ ಕೆಳಗೆ ವೃತ್ತಿ ಹಾಕಬಹುದು. ಮೂರೇ ಪದ.

ಉಮೇದುವಾರ: ‘ಸಜ್ಜನ, ನಿಸ್ವಾರ್ಥ, ಮೇಧಾವಿ.’

ಗುಮಾಸ್ತ: ಹೊಗಳಿಕೆ ಕೂಡದು. ಕಾನೂನಿದೆ.

ಉಮೇದುವಾರ: ‘ಮಾಜಿ ಮೇಯರ್’?

ಗುಮಾಸ್ತ: ‘ಮಾಜಿ’ಯೂ ಕೂಡದು.

ಉಮೇದುವಾರ: ಹಳೆಯದನ್ನು ಹೇಳುವಂತಿಲ್ಲ, ಹೊಗಳಿಕೊಳ್ಳುವಂತಿಲ್ಲ. ರಾಜಕಾರಣಿ ಇನ್ನೇನು ತಾನೆ ಬರೆಯಬೇಕು?

ಗುಮಾಸ್ತ: ಈಗ ಮಾಡುತ್ತಿರುವ ಕೆಲಸ.

ಉಮೇದುವಾರ: (ಬೆವರೊರೆಸಿಕೊಂಡು) ಜಾಗ ಖಾಲಿ ಬಿಡಬಹುದೇ?

ಗುಮಾಸ್ತ: ಧಾರಾಳವಾಗಿ. ನೆನಪಿರಲಿ, ಇಲ್ಲಿ ಪಕ್ಷಕ್ಕೊಂದು ಪ್ರೈಮರಿ ಇಲ್ಲ. ಎಲ್ಲರೂ ಒಂದೇ ಪಟ್ಟಿಯಲ್ಲಿ. ಮೊದಲ ಇಬ್ಬರಷ್ಟೇ ನವೆಂಬರ್‌ನ ಅಂತಿಮ ಚುನಾವಣೆಗೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿಯೇ.

ಉಮೇದುವಾರ: ಹಾಗಾದರೆ ಎದುರು ಪಕ್ಷದವರನ್ನು ಬೈಯುವುದು ದಂಡ. ಮೊದಲು ನಮ್ಮವರನ್ನೇ ಬೈಯಲು ಶುರು ಹಚ್ಚಿಕೊಳ್ಳುತ್ತೇನೆ!

ಗುಮಾಸ್ತ: ಅದಕ್ಕೆ ಪದಗಳ ಮಿತಿ ಇಲ್ಲ ಬಿಡಿ. ಮುಂದಿನವರು ಬನ್ನಿ!