ಬಾತಿಯ ಬತ್ತಿ

ನಮ್ಮ ಬಾತಿ ಎಲ್ಲಿದೆ ಎಂದು ದಾವಣಗೆರೆಯವರನ್ನು ಕೇಳಿದರೆ ‘ಹರಿಹರದ ಕಡೆ’ ಅನ್ನುತ್ತಾರೆ. ಹರಿಹರದವರನ್ನು ಕೇಳಿದರೆ ‘ದಾವಣಗೆರೆ ಕಡೆ’ ಎಂದು ಕೈ ತೋರಿಸುತ್ತಾರೆ. ಬಾತಿ ಕೆರೆ, ಬಾತಿ ಗುಡ್ಡ ಎರಡೂ ಊರಿನವರಿಗೆ ಬೇಕು. ಬಾತಿಯವರು ಮಾತ್ರ ಸಿಟಿ ಬಸ್ಸಿನಲ್ಲಿ ಯಾವಾಗಲೂ ನಡುವಿನ ಸ್ಟಾಪಿನವರು. ಇಂಥ ಊರಿನವನಾದ ನಾನು ಫೋಟೋ ತೆಗೆಯುವುದರಲ್ಲೂ ನಡುವಿನವನೇ. ಮೊಬೈಲಿನವರಿಗಿಂತ ಒಂದು ಮೆಟ್ಟಿಲು ಮೇಲೆ, ಸ್ಟುಡಿಯೋದವರಿಗಿಂತ ಹತ್ತು ಮೆಟ್ಟಿಲು ಕೆಳಗೆ.

ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಕ್ಯಾಮೆರಾ ಕೊಂಡ ಹೊಸತರಲ್ಲಿ ಅದರ ನೆತ್ತಿಯ ಮೇಲೆ ಪಟಕ್ಕನೆ ಏಳುವ ಪುಟ್ಟ ಫ್ಲ್ಯಾಶ್ ಕಂಡು ಮನೆಮಂದಿಯೆಲ್ಲ ಖುಷಿಪಟ್ಟಿದ್ದರು. ಮಗಳ ಹುಟ್ಟುಹಬ್ಬದ ದಿನ ಖುಷಿ ಇಳಿಯಿತು. ಹಣೆ ಎಣ್ಣೆ ಬಳಿದಂತೆ ಮಿರಮಿರ, ಬೆನ್ನ ಹಿಂದಿನ ಗೋಡೆಯ ಮೇಲೆ ಡಾಂಬರು ಸುರಿದಂಥ ನೆರಳು, ಕಣ್ಣು ಎರಡೂ ನಿಗಿನಿಗಿ ಕೆಂಡ. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡೇ ಇರುವುದರಿಂದ ಬೆಳಕು ನೇರ ಪಾಪೆಯೊಳಗೆ ಹೊಕ್ಕು, ಕಣ್ಣಿನ ಹಿಂಬದಿಯ ರಕ್ತದ ಕೆಂಪನ್ನು ಹೊತ್ತು ಅದೇ ದಾರಿಯಲ್ಲಿ ಲೆನ್ಸಿಗೆ ಮರಳುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅತ್ತಿಗೆ ಅಷ್ಟರಲ್ಲಿ ಉಪ್ಪು, ಮೆಣಸಿನಕಾಯಿ ತಂದು ಮಗುವಿಗೆ ದೃಷ್ಟಿ ತೆಗೆದಿದ್ದಳು. ಫೋಟೋ ನೋಡಿದವರು ಆಕೆಯನ್ನೇ ನಂಬಿದರು.

ಬೇರೆ ಫ್ಲ್ಯಾಶ್ ಬೇಕೇ ಬೇಕು ಎಂದು ಅವತ್ತೇ ತೀರ್ಮಾನವಾಯಿತು. ದೊಡ್ಡಪ್ಪ ಒಪ್ಪಲಿಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಮಾತು ನಡೆಯುವ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಪಂಚೆ ಇಲ್ಲದೆ ಹೊಸಿಲು ದಾಟಿದವರಲ್ಲ. ಕೇಳಿದ್ದು ಒಂದೇ ಪ್ರಶ್ನೆ: “ಮನ್ಯಾಗೆ ಟ್ಯೂಬ್‌ಲೈಟ್ ಐತಿ, ಹೊರಗೆ ಸೂರ್ಯ ಅದಾನ. ಮತ್ಯಾಕಲೇ ಬೆಳಕು?”

ಇದಕ್ಕೆ ಉತ್ತರ ಹುಡುಕುತ್ತ ದಾವಣಗೆರೆಯ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಡಬ್ಬಿ ತೆರೆಯುವ ಮೊದಲೇ “ಗೈಡ್ ನಂಬರ್ ಅರವತ್ತು ಸಾರ್” ಅಂದ. ಗೈಡ್ ನಂಬರ್ ಎಂದರೆ ಫ್ಲ್ಯಾಶಿನ ರಟ್ಟೆಬಲ. ಐಎಸ್ಒ 100 ಇಟ್ಟುಕೊಂಡು, ಆ ನಂಬರನ್ನು ಅಪರ್ಚರ್‌ನಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್ ದೂರ ಸರಿಯಾಗಿ ಮುಟ್ಟುತ್ತದೆಂದು ಸಿಗುತ್ತದೆ. ಅರವತ್ತಕ್ಕೆ ಎಫ್ 4 ಅಂದರೆ ಹದಿನೈದು ಮೀಟರ್. ಅಬ್ಬಾ, ಕಲ್ಯಾಣ ಮಂಟಪದ ಈ ತುದಿಯಿಂದ ಆ ತುದಿ! ಅವನು ಹೇಳದೆ ಬಿಟ್ಟದ್ದನ್ನು ಆಮೇಲೆ ಪುಸ್ತಕದಲ್ಲಿ ಓದಿಕೊಂಡೆ. ಆ ಅರವತ್ತು, ಫ್ಲ್ಯಾಶಿನ ತಲೆಯನ್ನು 200 ಮಿ.ಮೀ.ಗೆ ಜೂಮ್ ಮಾಡಿ, ಬೆಳಕನ್ನೆಲ್ಲ ಕೊಳವೆಯಲ್ಲಿ ಹಾಯಿಸಿದಂತೆ ಹಾಯಿಸಿದಾಗಿನ ಲೆಕ್ಕ. ನಾಲ್ಕು ಜನ ಹಿಡಿಸುವ 35 ಮಿ.ಮೀ.ಗೆ ಬಂದರೆ ಅದೇ ಫ್ಲ್ಯಾಶಿನ ನಂಬರ್ 36ರ ಆಸುಪಾಸಿಗೆ ಇಳಿಯುತ್ತದೆ. ಹೆಣ್ಣು ನೋಡಲು ಬಂದಾಗ ಗಂಡಿನ ಸಂಬಳ ಹೇಳುತ್ತಾರಲ್ಲ, ಓಟಿ, ಬೋನಸ್ಸು, ಹೊಲದ ಮೆಕ್ಕೆಜೋಳ ಎಲ್ಲ ಸೇರಿಸಿ, ಆ ಜಾತಿಯ ನಂಬರ್ ಇದು.

“ಟಿಟಿಎಲ್ ಬೇಕಾ, ಮ್ಯಾನುವಲ್ ಸಾಕಾ?” ಅಂದ. ಟಿಟಿಎಲ್ ಅಂದರೆ ಫ್ಲ್ಯಾಶ್ ಮೊದಲು ಸಣ್ಣಗೆ ಒಮ್ಮೆ ಮಿಂಚಿ ನೋಡುತ್ತದೆ, ಕ್ಯಾಮೆರಾ ಆ ಬೆಳಕನ್ನು ಲೆನ್ಸಿನ ಮೂಲಕವೇ ಅಳೆದು ಎಷ್ಟು ಬೇಕೋ ಅಷ್ಟು ಸುರಿಸುತ್ತದೆ. ಮ್ಯಾನುವಲ್‌ನಲ್ಲಿ ಅಳೆಯುವ ಕೆಲಸ ನಮ್ಮದು. ಒಂದಕ್ಕೆ ಹತ್ತು ಸಾವಿರ, ಇನ್ನೊಂದಕ್ಕೆ ಮೂರು. “ಕೈಯಳತೆ ಗೊತ್ತಿದ್ದೋರಿಗೆ ಮ್ಯಾನುವಲ್ಲೇ ಚಲೋ ಸಾರ್, ನಿಮ್ಮಂಥೋರಿಗೆ” ಎಂದು ಬೇರೆ ಸೇರಿಸಿದ. ಬಾತಿಯವನಿಗೆ ಬತ್ತಿ ಇಡಲು ಇನ್ನೇನು ಬೇಕು? ಮೂರು ಸಾವಿರ ಎಣಿಸಿ ಕೊಟ್ಟು ಬಸ್ ಹತ್ತಿದೆ.

ಸುದ್ದಿ ಹರಿಹರಕ್ಕೆ ನನಗಿಂತ ಮೊದಲೇ ಮುಟ್ಟಿತ್ತು. ಮಾವ ಫೋನ್ ಮಾಡಿ, “ನನ್ನದಿತ್ತಲ್ಲ, ದುಡ್ಡು ಯಾಕೆ ದಂಡ ಮಾಡಿದ್ರಿ?” ಅಂದರು. ಅವರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತುಗಳ ಜತೆ ಜೀವಮಾನ ಸವೆಸಿದವರು, ರೀಲ್ ಕಾಲದ ಫ್ಲ್ಯಾಶೊಂದನ್ನು ಥರ್ಮಾಕೋಲ್ ಸಮೇತ ಕಾಪಾಡಿಕೊಂಡಿದ್ದರು. ಕೆಲವು ಹಳೇ ಫ್ಲ್ಯಾಶುಗಳ ಕಾಲಿನಲ್ಲಿ ಇನ್ನೂರು ವೋಲ್ಟಿಗೂ ಮಿಕ್ಕಿದ ಕರೆಂಟು ಕೂತಿರುತ್ತದೆ. ಹಿಂದಿನ ಕಬ್ಬಿಣದಂಥ ಕ್ಯಾಮೆರಾಗಳು ಅದನ್ನು ಅರಗಿಸಿಕೊಳ್ಳುತ್ತಿದ್ದವು, ಈಗಿನವು ಒಂದೇ ಏಟಿಗೆ ಸುಟ್ಟು ಹೋಗಬಹುದು. ಅವರ ಮನೆಗೆ ಹೋದಾಗ ಇದನ್ನು ನಯವಾಗಿ ಹೇಳಿದೆ. ಮಾವ ಮೀಟರ್ ಹಚ್ಚಿದರು. ಮುಳ್ಳು ಇನ್ನೂರ ಮೂವತ್ತಕ್ಕೆ ಹೋಗಿ ನಿಂತಿತು. ಅವರು ನನ್ನ ಮುಖ ನೋಡಿ, “ಅಂದ್ರೆ ನಿಮ್ಮ ಕ್ಯಾಮೆರಾಕ್ಕೆ ತಾಕತ್ತಿಲ್ಲ ಅನ್ನಿ” ಎಂದು ಫ್ಲ್ಯಾಶನ್ನು ಮತ್ತೆ ಥರ್ಮಾಕೋಲಿನಲ್ಲಿ ಮಲಗಿಸಿದರು.

ಆ ಮಾತಿನ ಬಡ್ಡಿಯನ್ನು ಅವರ ಅರವತ್ತರ ಶಾಂತಿಯ ದಿನ ತೀರಿಸಿದೆ, ಬೇಕೆಂದು ಮಾಡಿದ್ದಲ್ಲ. ಅತ್ತೆ-ಮಾವನನ್ನು ಅಕ್ಕಪಕ್ಕ ನಿಲ್ಲಿಸಿ, ಕ್ಯಾಮೆರಾ ಉದ್ದಕ್ಕೆ ಹಿಡಿದು, ಅಲುಗಾಡದಿರಲಿ ಎಂದು ಶಟರನ್ನು 1/500ಕ್ಕೆ ಏರಿಸಿ ಒತ್ತಿದೆ. ಪರದೆಯ ಮೇಲೆ ನೋಡುತ್ತೇನೆ, ಅತ್ತೆ ಲಕ್ಷಣವಾಗಿ ನಗುತ್ತಿದ್ದಾರೆ, ಮಾವನಿದ್ದ ಅರ್ಧ ಅಮಾವಾಸ್ಯೆ. ಶಟರ್ ಎಂದರೆ ಎರಡು ಪರದೆ. ನನ್ನ ಕ್ಯಾಮೆರಾದಲ್ಲಿ 1/200 ಸೆಕೆಂಡಿನವರೆಗೆ ಮೊದಲ ಪರದೆ ಪೂರ್ತಿ ಸರಿದ ಮೇಲೆ ಎರಡನೆಯದು ಹೊರಡುತ್ತದೆ. ಅದಕ್ಕೂ ಅವಸರ ಮಾಡಿದರೆ ಎರಡೂ ಒಂದರ ಬೆನ್ನಿಗೊಂದು ಓಡುತ್ತವೆ, ನಡುವೆ ಬರೀ ಒಂದು ಸೀಳು. ಫ್ಲ್ಯಾಶ್ ಬೆಳಗುವುದು ಕಣ್ಣೆವೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು. ಆಗ ತೆರೆದಿದ್ದ ಭಾಗಕ್ಕೆ ಬೆಳಕು, ಉಳಿದದ್ದಕ್ಕೆ ಕತ್ತಲು. ಕಂಪನಿ ನಾಟಕದ ಪರದೆ ಅರ್ಧ ಎದ್ದಿರುವಾಗಲೇ ಲೈಟಿನವನು ಸ್ವಿಚ್ ಹಾಕಿದಂತೆ. ದುಬಾರಿ ಫ್ಲ್ಯಾಶಾಗಿದ್ದರೆ ಕ್ಯಾಮೆರಾ ತಾನೇ ತಡೆಯುತ್ತಿತ್ತು. ನನ್ನ ಮೂರು ಸಾವಿರದ್ದಕ್ಕೆ ಕಾಲಿನಲ್ಲಿ ಇದ್ದದ್ದು ಒಂದೇ ಚುಕ್ಕೆ. ‘ಹೊಡಿ’ ಅನ್ನುವುದೊಂದನ್ನು ಬಿಟ್ಟು ಅದಕ್ಕೆ ಬೇರೆ ಭಾಷೆ ಬರದು.

ಊರು ಹರಿಹರವಾದ್ದರಿಂದ ಬಚಾವಾದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಲ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ನಿಂತಿರುವ ದೇವರೇ ಒಂದು ಮಗ್ಗುಲು ಹರ, ಇನ್ನೊಂದು ಮಗ್ಗುಲು ಹರಿ. “ಅರ್ಧ-ಅರ್ಧ ನಿಮ್ಮೂರಿನ ಪದ್ಧತಿ ಅಲ್ವಾ ಮಾವ?” ಅಂದೆ. ಅತ್ತೆ ನಕ್ಕರು. ಮಾವ, “ನನ್ನ ಫ್ಲ್ಯಾಶ್‌ನಾಗೆ ಹಿಂಗಾಗ್ತಿರಲಿಲ್ಲ” ಅಂದರು. ನಿಜ, ಅದರಲ್ಲಿ ಕ್ಯಾಮೆರಾವೇ ಉಳಿಯುತ್ತಿರಲಿಲ್ಲ.

ಸೆಲ್ಲಿನ ಕತೆ ಹೇಳದಿದ್ದರೆ ನನ್ನ ಹೆಂಡತಿಗೆ ಅನ್ಯಾಯವಾಗುತ್ತದೆ. ಫ್ಲ್ಯಾಶಿಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ಪ್ರತಿ ಹೊಡೆತದ ನಂತರ ಅದು ಸೊಳ್ಳೆಯಂತೆ ‘ಕುಂಯ್’ ಎನ್ನುತ್ತ ಒಳಗಿನ ಕೆಪಾಸಿಟರಿಗೆ ಮುನ್ನೂರು ಚಿಲ್ಲರೆ ವೋಲ್ಟ್ ತುಂಬಿಕೊಳ್ಳುತ್ತದೆ. ಮಾಮೂಲು ಸೆಲ್ಲುಗಳು ನಲವತ್ತು ಫೋಟೋ ಹೊತ್ತಿಗೆ ಏದುಸಿರು ಬಿಡುತ್ತವೆ. ಆರತಿ ಎತ್ತಿದವರು ತಟ್ಟೆ ಕೆಳಗಿಟ್ಟ ಮೇಲೆ ಫ್ಲ್ಯಾಶ್ ‘ರೆಡಿ’ ಅನ್ನುತ್ತದೆ. ಗೋಡೆ ಗಡಿಯಾರ, ಟಿವಿ ರಿಮೋಟು ಒಂದೊಂದಾಗಿ ಬರಿದಾದವು. ಸೀರಿಯಲ್ ಹೊತ್ತಿಗೆ ರಿಮೋಟು ಒತ್ತಿ ಒತ್ತಿ ಸೋತವಳು ನಾಲ್ಕು ದಿನ ಮಾತು ಬಿಟ್ಟಳು. ಐದನೇ ದಿನ ರೀಚಾರ್ಜ್ ಸೆಲ್ ತಂದೆ. ಅದರ ವೋಲ್ಟೇಜು ಕಡಿಮೆ, 1.5ರ ಬದಲು 1.2, ಆದರೂ ಕರೆಂಟನ್ನು ಜಿಪುಣತನವಿಲ್ಲದೆ ಒಮ್ಮೆಗೇ ಕೊಡುತ್ತದೆ. ಗಡಿಯಾರ ಮತ್ತೆ ನಡೆಯತೊಡಗಿತು, ಹೆಂಡತಿಯ ಮಾತೂ.

ಒಂದು ಸಂಜೆ ಬಾತಿ ಕೆರೆ ಏರಿಯ ಮೇಲೆ ತಮ್ಮನನ್ನು ನಿಲ್ಲಿಸಿದೆ. ಹಿಂದೆ ಸೂರ್ಯ ಇಳಿಯುತ್ತಿದ್ದ. ಫ್ಲ್ಯಾಶ್ ಇಲ್ಲದೆ ತೆಗೆದರೆ ಆಕಾಶ ಬಂಗಾರ, ತಮ್ಮ ಇದ್ದಿಲು. ಸಣ್ಣ ಅಳತೆಯಲ್ಲಿ ಬೆಳಕು ಹಾಕಿದೆ, ಇಬ್ಬರೂ ಬಂದರು, ಸೂರ್ಯನೂ ತಮ್ಮನೂ. ದೊಡ್ಡಪ್ಪನಿಗೆ ಕೊಡಬೇಕಿದ್ದ ಉತ್ತರ ಇದೇ. ಬೆಳಕು ಇದ್ದರೂ ಅದು ಬೆನ್ನಿಗಿದ್ದರೆ ಮುಖಕ್ಕೆ ಸಾಲ ತರಲೇಬೇಕು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿದ. “ಹಗಲೊತ್ತಿನಾಗೆ ಬ್ಯಾಟ್ರಿ ಬಿಡ್ತಾನಲ್ಲಪ್ಪೋ” ಎಂದು ಎಮ್ಮೆಗೇ ಹೇಳಿ ಮುಂದೆ ನಡೆದ.

ಬೆಳಕನ್ನು ಮುಖಕ್ಕೆ ಹೊಡೆಯಬಾರದು, ಗೋಡೆಗೆ ಹೊಡೆದು ಮುಖಕ್ಕೆ ತರಬೇಕು ಎಂಬ ದೊಡ್ಡ ವಿದ್ಯೆ ಕಲಿತದ್ದು ಅದರ ನಂತರ. ಫ್ಲ್ಯಾಶಿನ ಪುಟ್ಟ ಕಿಟಕಿ ಬೆಂಕಿಪೊಟ್ಟಣದಷ್ಟು. ಅದನ್ನು ತಿರುಗಿಸಿ ಮಾಡಿಗೆ ಹೊಡೆದರೆ ಮಾಡೇ ಒಂದು ದೊಡ್ಡ ದೀಪ. ನೆರಳು ಕರಗುತ್ತದೆ, ಹಣೆಯ ಎಣ್ಣೆ ಮಾಯ. ಅಲ್ಲಿಂದಾಚೆ ನನ್ನ ಬಾಳು ಕೆಟ್ಟಿತು. ಯಾರ ಮನೆಗೆ ಹೋದರೂ ಮೊದಲು ನೋಡುವುದು ಸೂರು. ಒಮ್ಮೆ ಸಾವಿನ ಮನೆಯಲ್ಲೂ “ಸೀಲಿಂಗ್ ಚಲೋ ಬಿಳುಪೈತಿ” ಎಂದುಬಿಟ್ಟೆ.

ದೊಡ್ಡಪ್ಪನ ಮಗಳ ನಿಶ್ಚಿತಾರ್ಥ ಬಾತಿಯ ಹಳೇ ಮನೆಯಲ್ಲೇ ಆಯಿತು. ಅದು ಮಾಳಿಗೆ ಮನೆ. ಮೂರು ತಲೆಮಾರಿನ ಒಲೆಯ ಹೊಗೆ ಕುಡಿದ ತೊಲೆ, ಜಂತಿ. ಅಲ್ಲಿಗೆ ಹೊಡೆದ ಬೆಳಕು ಸಾಲ ಪಡೆದ ನೆಂಟನಂತೆ, ಹೋದದ್ದು ತಿರುಗಿ ಬರಲಿಲ್ಲ. ಗೋಡೆಗೆ ತಿರುಗಿಸಿದೆ. ಮದುವೆ ಹತ್ತಿರ ಬಂತೆಂದು ಗೋಡೆಗೆ ಹೊಸದಾಗಿ ಗಿಳಿಹಸಿರು ಬಳಿಸಿದ್ದರು. ಬೆಳಕು ಯಾವ ಗೋಡೆ ಮುಟ್ಟುತ್ತದೋ ಆ ಬಣ್ಣ ಹೊತ್ತು ತರುತ್ತದೆ. ತಂಗಿ, ಅವಳ ರೇಷ್ಮೆ ಸೀರೆ, ಬೀಗರ ಪೇಟ, ತಟ್ಟೆಯಲ್ಲಿನ ಕೊಬ್ಬರಿ, ಎಲ್ಲವೂ ಕೆರೆಯ ಪಾಚಿ.

“ಬಿಳೀ ಬಟ್ಟೆ! ಯಾವುದಾದರೂ ಬಿಳೀದು, ದೊಡ್ಡದು!” ಎಂದು ಕೂಗಿದೆ. ಹಾಸಿಗೆಯ ಮೇಲಿನವೆಲ್ಲ ಹೂವಿನ ಚಿತ್ರದ ಚಾದರ. ಇಡೀ ಮನೆಯಲ್ಲಿ ಹಾಲಿನಂತೆ ಬೆಳ್ಳಗಿದ್ದದ್ದು ಒಂದೇ, ಅದು ದೊಡ್ಡಪ್ಪನ ಸೊಂಟದಲ್ಲಿತ್ತು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ದಾವಣಗೆರೆಯ ಪಕ್ಕದಲ್ಲಿ ಕೂತು ಬಿಳಿ ಬಟ್ಟೆಗೆ ಬರ! ದೊಡ್ಡಪ್ಪ ನನ್ನನ್ನು ನೋಡಿದರು, ಹಸಿರಾದ ಮಗಳ ಫೋಟೋ ನೋಡಿದರು, ಬಾಯಿ ಬಿಡದೆ ಅಡುಗೆಮನೆಯ ಕಡೆ ನಡೆದರು. ಎರಡು ನಿಮಿಷಕ್ಕೆ ಬಾಗಿಲಿನಿಂದ ಒಂದು ಕೈ ಪಂಚೆಯನ್ನು ಹೊರಗೆ ನೀಡಿತು. ಇಬ್ಬರು ಹುಡುಗರು ಅದರ ಜರಿಯಂಚು ಮಡಿಸಿ ಗೋಡೆಗೆ ಅಡ್ಡ ಹಿಡಿದರು. ಫ್ಲ್ಯಾಶ್ ಹೊಡೆದೆ. ತಂಗಿ ತಂಗಿಯ ಬಣ್ಣಕ್ಕೆ ಬಂದಳು. ಕಿಟಕಿಯಿಂದ ಬೆಳಗಿನ ಬಿಸಿಲು ಒಳಗೆ ಬಂದು ಕೂತಂಥ ಬೆಳಕು. ಐವತ್ತು ಫೋಟೋ ತೆಗೆದೆ, ಒಂದೂ ಕೆಡಲಿಲ್ಲ.

ಆಲ್ಬಮ್ ಬಂದ ದಿನ ಬೀಗರೂ ಬಂದಿದ್ದರು. ಉಂಗುರ ತೊಡಿಸುವ ಫೋಟೋವನ್ನು ದೊಡ್ಡದಾಗಿ ಹಾಕಿಸಿದ್ದೆ. ಬೀಗತಿ ಕನ್ನಡಕ ಏರಿಸಿ ನೋಡಿ ನೋಡಿ, ತಂಗಿಯ ಹಿಂದಿನ ಕನ್ನಡಿ ಬೀರುವಿನ ಮೇಲೆ ಬೆರಳಿಟ್ಟರು. “ಇವರು ಯಾರವ್ವಾ?”

ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಅದರ ಕನ್ನಡಿಯಲ್ಲಿ ಅಡುಗೆಮನೆಯ ಬಾಗಿಲು, ಬಾಗಿಲಲ್ಲಿ ಮೇಲೆ ಗರಿಗರಿ ಜುಬ್ಬ, ಕೆಳಗೆ ಪಟ್ಟಾಪಟ್ಟಿ ಚಡ್ಡಿ ತೊಟ್ಟು, ಕೈಕಟ್ಟಿ ನಿಂತು ಮಗಳ ಉಂಗುರ ನೋಡುತ್ತಿದ್ದ ದೊಡ್ಡಪ್ಪ. ಚಡ್ಡಿಯ ಒಂದೊಂದು ಪಟ್ಟೆಯನ್ನೂ ಎಣಿಸಬಹುದಿತ್ತು.

ಮನೆಯೆಲ್ಲ ಗಪ್‌ಚಿಪ್. ದೊಡ್ಡಪ್ಪ ಆಲ್ಬಮ್ಮನ್ನು ತೊಡೆಯ ಮೇಲೆ ಎಳೆದುಕೊಂಡರು. ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಪಂಚೆಯ ನೆರಿಗೆ ಒಮ್ಮೆ ಸರಿಮಾಡಿಕೊಂಡರು.

“ಬೆಳಕೇನೋ ಚಲೋ ಬಿದ್ದೈತಿ ಬಿಡಲೇ” ಅಂದರು.